ಬಂದ್ ಇದ್ದವಳ ‘ಬ್ಯಾಡ’

ಗಂಡ ಮಹಾಂತೇಶನ ಮಣ್ಣು ಮುಗಿಸಿ ಬಂದ ಮಧ್ಯಾಹ್ನ ನಾನು ಫೋನು ಬಂದ್ ಮಾಡಿದೆ. ಅಂಗಳದ ತುಂಬ ಜನ ಇದ್ದರು. ಓಣಿಯ ಹೆಂಗಸರು ನನ್ನ ಸುತ್ತ ಕೂತು, ನಾನು ಅಳಲು ಶುರು ಮಾಡಲೆಂದು ಕಾಯುತ್ತಿದ್ದರು. ನಾನು ಗುಂಡಿ ಒತ್ತಿ ಹಿಡಿದೆ. ಪರದೆ ಕಪ್ಪಾಯಿತು. ಪಕ್ಕದಲ್ಲಿದ್ದವಳು ನನ್ನ ಭುಜದ ಮೇಲಿಟ್ಟಿದ್ದ ಕೈಯನ್ನು ತೆಗೆದುಕೊಂಡು, ಅದು ಅಲ್ಲಿಗೆ ಹೇಗೆ ಹೋಯಿತೆಂದು ತಿಳಿಯದವಳಂತೆ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡಳು. ಒಬ್ಬೊಬ್ಬರಾಗಿ ಎದ್ದು ಹೋದರು. ನನಗೆ ಬೇಕಾಗಿದ್ದೂ ಅದೇ.

ನಮ್ಮೂರಿನಲ್ಲಿ ಇದು ತಪ್ಪಲ್ಲ. ಪರೀಕ್ಷೆ ಹತ್ತಿರ ಬಂದವರು ಬಂದ್ ಮಾಡುತ್ತಾರೆ, ಹೊಸದಾಗಿ ಮದುವೆಯಾದವರು ಮಾಡುತ್ತಾರೆ, ಅಣ್ಣತಮ್ಮಂದಿರು ಜಗಳವಾಡಿದರೆ ಆ ವಾರ ಇಬ್ಬರೂ ಮಾಡುತ್ತಾರೆ. ಫೋನು ಬಂದ್ ಇದ್ದವರ ಮೇಲೆ ಊರಿನ ಕಣ್ಣು ನಿಲ್ಲುವುದಿಲ್ಲ. ಅವರು ಇದ್ದಾರೆಂದು ಎಲ್ಲರಿಗೂ ಗೊತ್ತು. ಆದರೆ ಎದುರಿಗೆ ಬಂದರೆ ದೀಪದ ಕಂಬ ಬಂದಂತೆ ಬಳಸಿ ಹೋಗುತ್ತಾರೆ. ಮಾತಾಡಿದರೆ ಕಿವಿಗೆ ಬೀಳುವುದಿಲ್ಲ. ಕಾಯಿಪಲ್ಲೆ ಅಂಗಡಿಗಳಲ್ಲಿ ಬಂದ್ ಇದ್ದವರಿಗೆಂದೇ ಒಂದು ಡಬ್ಬಿ ಇರುತ್ತದೆ. ಬೇಕಾದ್ದನ್ನು ಎತ್ತಿಕೊಂಡು ದುಡ್ಡು ಅದರಲ್ಲಿ ಹಾಕಬೇಕು. ಬಸ್ಸಿನಲ್ಲಿ ಕೊನೆಯ ಸೀಟು ಬಿಟ್ಟಿರುತ್ತಾರೆ. ಮತ್ತೆ ಚಾಲೂ ಮಾಡಿದರೆ ಎಲ್ಲವೂ ಬಿಟ್ಟಲ್ಲಿಂದ ಶುರುವಾಗುತ್ತದೆ. ಅರ್ಧಕ್ಕೆ ನಿಂತ ಬೈಗುಳವೂ ಕಾಯುತ್ತಿರುತ್ತದೆ, ಅರ್ಧಕ್ಕೆ ನಿಂತ ನಗುವೂ.

ಬ್ಯಾಟರಿ ಮುಗಿದರೂ ಅಷ್ಟೇ. ಮಹಾಂತೇಶ ಮದುವೆಮನೆಗಳಿಗೆ ಮೈಕ್ ಸೆಟ್ ಹಾಕುತ್ತಿದ್ದ. ಒಮ್ಮೆ ಅಕ್ಷತೆಯ ಹೊತ್ತಿಗೆ ವರನ ಬ್ಯಾಟರಿ ಮುಗಿದುಹೋಗಿತ್ತು. ‘ಮದುಮಗ ಎಲ್ಲಿದ್ದರೂ ಕೂಡಲೇ ವೇದಿಕೆಗೆ ಬರಬೇಕು’ ಎಂದು ಇವನು ಮೈಕಿನಲ್ಲಿ ಕೂಗಿದ್ದೇ ಕೂಗಿದ್ದು. ವರ ಬಾಸಿಂಗ ಕಟ್ಟಿಕೊಂಡು ಇವನ ಮಗ್ಗುಲಲ್ಲೇ ನಿಂತು ಕೈಬೀಸುತ್ತಿದ್ದನಂತೆ. ಇದನ್ನು ಹೇಳುವಾಗ ಮಹಾಂತೇಶ ಪ್ರತಿ ಸಲವೂ ಮುಗಿಸುವ ಮೊದಲೇ ನಗುತ್ತಿದ್ದ. ಅಂಥದೇ ಇನ್ನೊಂದು ಮದುವೆಮನೆಯಲ್ಲಿ ಒದ್ದೆ ನೆಲದ ಮೇಲೆ ನಿಂತು ವೈರು ಹಿಡಿದ.

ರೀಸೆಟ್ ಬೇರೆ. ರೀಸೆಟ್ ಮಾಡಿಸಿಕೊಂಡವರನ್ನು ಊರು ಮರೆಯುತ್ತದೆ, ಹೆತ್ತವರೂ ಒಡಹುಟ್ಟಿದವರೂ ಸೇರಿ. ಅವರಿಗೆ ಮಾತ್ರ ಎಲ್ಲರೂ ನೆನಪಿರುತ್ತಾರೆ. ಆಮೇಲೆ ಸರಿಪಡಿಸಲು ಬರುವುದಿಲ್ಲ. ನಮ್ಮ ಓಣಿಯ ತುದಿಯಲ್ಲಿ ಬಾಡಿಗೆಗಿರುವ ಚನ್ನವೀರ ಅಂಥವನು. ನನಗೆ ಅವನು ಎರಡು ವರ್ಷದ ಹಿಂದೆ ಎಲ್ಲಿಂದಲೋ ಬಂದವನು. ಆದರೆ ತಾನು ಇಲ್ಲೇ ಹುಟ್ಟಿದವನೆಂದು, ಯಾವುದೋ ಮಾತಿಗೆ ಊರಮುಂದೆ ಮರ್ಯಾದೆ ಹೋದದ್ದಕ್ಕೆ ಹೀಗೆ ಮಾಡಿಸಿಕೊಂಡೆನೆಂದು ಅವನೇ ಹೇಳುತ್ತಾನೆ. ಗಿರಣಿಯ ನಾಗಕ್ಕ ತನ್ನ ಸ್ವಂತ ಅಕ್ಕ ಅನ್ನುತ್ತಾನೆ. ಅವನು ಹಿಟ್ಟು ಬೀಸಿಸಲು ಹೋದಾಗೆಲ್ಲ ಆಕೆ ಚಹಾ ಕೊಟ್ಟು, ‘ನಿಮ್ಮ ಕಡೆ ಯಾರ‍್ಯಾರದಾರ್ರಿ?’ ಎಂದು ವಿಚಾರಿಸುತ್ತಾಳೆ.

ನಾನು ರೀಸೆಟ್ ಬಗ್ಗೆ ಯೋಚಿಸಲಿಲ್ಲ. ಯಾವುದರ ಬಗ್ಗೆಯೂ ಯೋಚಿಸಲಿಲ್ಲ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಇಲ್ಲಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ, ಅದನ್ನು ಬಿಟ್ಟೆ. ಯಾಕೆಂದು ಯಾರೂ ಕೇಳಲಿಲ್ಲ. ಬಂದ್ ಇದ್ದವರನ್ನು ಯಾರೂ ಏನೂ ಕೇಳುವುದಿಲ್ಲ. ಮಳೆಗಾಲ ಹೋಯಿತು, ಚಳಿ ಬಂತು. ನನಗೆ ದುಃಖವಿರಲಿಲ್ಲ. ಅಳು ಆ ಮಧ್ಯಾಹ್ನದಲ್ಲೇ ನಿಂತಿತ್ತು, ಅದರ ಜೊತೆಗೆ ಉಳಿದದ್ದೆಲ್ಲ.

ಮನೆಯಲ್ಲಿದ್ದವರು ನಾನು ಮತ್ತು ಅತ್ತೆ ಗಂಗವ್ವ. ಅವರ ಕಣ್ಣಿಗೂ ನಾನು ಬೀಳುತ್ತಿರಲಿಲ್ಲ. ಆದರೂ ಅವರು ಎರಡು ತಾಟು ಹಚ್ಚುತ್ತಿದ್ದರು. ಒಲೆಯ ಮುಂದೆ ಕೂತು ಗೋಡೆಗೆ ಹೇಳಿದಂತೆ, “ದಾನು, ಇವತ್ತು ಪಲ್ಯಾಕ್ಕ ಖಾರ ಜಾಸ್ತಿ ಆತು. ಮೊಸರು ಹಾಕ್ಕೋ,” ಅನ್ನುತ್ತಿದ್ದರು. ನಾನು ಮೊಸರು ಹಾಕಿಕೊಳ್ಳುತ್ತಿದ್ದೆ. ಉತ್ತರಕ್ಕೆ ಅವರು ಕಾಯುತ್ತಿರಲಿಲ್ಲ. ಕಾಯುತ್ತಿಲ್ಲವೆಂದು ನಾನು ತಿಳಿದಿದ್ದೆ.

ಒಂದು ದಿನ ಬೆಳಿಗ್ಗೆ ನನ್ನ ಅವ್ವ ತವರಿನಿಂದ ಅತ್ತೆಗೆ ಫೋನ್ ಮಾಡಿದಳು. ಅತ್ತೆಗೆ ಒಂದು ಕಿವಿ ಮಂದ. ಸ್ಪೀಕರ್ ಹಾಕಿಯೇ ಮಾತಾಡುವುದು. ನಾನು ಅಲ್ಲೇ ಕೂತಿದ್ದೆ.

“ಬೀಗತಿ, ಸಿಟ್ಟಾಗಬ್ಯಾಡ್ರಿ,” ಎಂದಳು ಅವ್ವ. “ಆಕಿಗೆ ಇನ್ನೂ ವಯಸ್ಸೈತಿ, ಕಲಿತಾಕಿ. ಇಲ್ಲಿ ಯುನಿವರ್ಸಿಟಿಯೊಳಗ ಆಕಿ ಸರು ಈಗೂ ಕೇಳ್ತಾರ, ಬಂದ್ರ ರಿಸರ್ಚಿಗೆ ತಗೋತೀನಿ ಅಂತಾರ. ನಿಮ್ಮನ್ನ ಒಬ್ಬರನ್ನ ಬಿಟ್ಟು ಹ್ಯಾಂಗ ಹೋಗ್ಲಿ ಅಂತ ಕುಂತಾಳ ಆಕಿ. ನನ್ನ ಮಗಳ ಸ್ವಭಾವ ನನಗ ಗೊತ್ತೈತಿ.”

“ಖರೆ ಐತ್ರಿ,” ಅಂದರು ಅತ್ತೆ.

ಖರೆ ಇರಲಿಲ್ಲ. ನಾನು ಯಾರನ್ನೂ ಬಿಡಲಾರದೆ ಕೂತಿರಲಿಲ್ಲ. ಏಳಬೇಕು ಅನ್ನಿಸದೆ ಕೂತಿದ್ದೆ. ಹಾಗೆಂದು ಹೇಳಿದೆ ಕೂಡ, ಅಷ್ಟು ಹತ್ತಿರದಿಂದ. ಇಬ್ಬರಿಗೂ ಕೇಳಲಿಲ್ಲ.

ಊಟವಾದ ಮೇಲೆ ಅತ್ತೆ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಪೆಟ್ಟಿಗೆಯಿಂದ ಹಸಿರು ಇಳಕಲ್ ಸೀರೆ ತೆಗೆದು ಉಟ್ಟರು. ಫೋನನ್ನು ಕೈವಸ್ತ್ರದಲ್ಲಿ ಸುತ್ತಿಕೊಂಡರು. ಅಂಗಡಿಗೆ ಹೋಗುವಾಗ ಅವರು ‘ಬಾಗಲಾ ನೋಡ್ಕೋ’ ಅನ್ನುವುದು ರೂಢಿ. ಅವತ್ತು ಹೊಸ್ತಿಲಲ್ಲಿ ನಿಂತು, ಮನೆಯ ಒಳಗೆಲ್ಲ ಒಮ್ಮೆ ಕಣ್ಣಾಡಿಸಿ, “ದಾನು, ಬರ್ತೀನವ್ವಾ,” ಅಂದರು.

ನಾನು ಕೈಚೀಲ ಹೆಗಲಿಗೆ ಹಾಕಿಕೊಂಡು ಹಿಂದೆ ಹೋದೆ. ಚೀಲದಲ್ಲಿ ನನ್ನ ಫೋನಿತ್ತು. ಎಂದೋ ಸತ್ತುಹೋದ ಬ್ಯಾಟರಿಯೊಂದಿಗೆ ಅದು ಅಲ್ಲೇ ಬಿದ್ದಿತ್ತು.

ಅತ್ತೆ ನೆಟ್ಟಗೆ ದಾದಾಪೀರನ ಅಂಗಡಿಗೆ ಹೋದರು. ಊರಿನಲ್ಲಿ ರೀಸೆಟ್ ಮಾಡುವುದು ಅಲ್ಲೊಂದೇ ಕಡೆ. ಬೇರೆ ಯಾರಾದರೂ ಮಾಡಿದರೆ ಊರು ಒಪ್ಪುವುದಿಲ್ಲ, ಯಾಕೆಂದರೆ ಅದಕ್ಕೊಂದು ಕ್ರಮವಿದೆ. ಅಂಗಡಿಯವನು ಬಾಗಿಲಲ್ಲಿ ನಿಂತು ಮೂರು ಸಲ ಕೂಗಬೇಕು. ಗೊತ್ತಿದ್ದವರು ಯಾರಾದರೂ ಒಬ್ಬರು ‘ಬ್ಯಾಡ’ ಅಂದರೆ ಆ ಫೋನಿಗೆ ಕೆಂಪು ದಾರ ಕಟ್ಟಿ ಕಳಿಸುತ್ತಾನೆ, ಯುಗಾದಿವರೆಗೆ ಅದನ್ನು ಮುಟ್ಟುವಂತಿಲ್ಲ. ಮೂರನೆಯ ಕೂಗು ಆದಮೇಲೆ, ರೀಸೆಟ್ಟಿಗೆ ಬಂದವರು ಒಂದು ಕಪ್ ಚಹಾ ಕುಡಿದು ಮುಗಿಸುವವರೆಗೆ ಕಾಯುತ್ತಾರೆ. ಕಪ್ ಕೆಳಗಿಟ್ಟರೆ ಮುಗಿಯಿತು. ಅಂಗಡಿಯವನೇ ಬೇಡ ಅನ್ನುವ ಹಾಗಿಲ್ಲ. ರೀಸೆಟ್ ಆಗಿ ಬಂದ ಹೊಸಬರ ಮಾತೂ ನಡೆಯುವುದಿಲ್ಲ.

ಅದು ಬಿಸಿಲು ಹೊತ್ತು. ಪೇಟೆಯಲ್ಲಿ ನಮ್ಮನ್ನು ಬಲ್ಲವರೆಲ್ಲ ಉಂಡು ಮಲಗುವ ಸಮಯ. ಅಂಗಡಿಯಲ್ಲಿ ಇಯರ್‌ಫೋನ್ ಆರಿಸುತ್ತಿದ್ದ ಚನ್ನವೀರನನ್ನು ಬಿಟ್ಟರೆ ಯಾರೂ ಇರಲಿಲ್ಲ. ಅತ್ತೆ ಹೊತ್ತು ನೋಡಿಯೇ ಹೊರಟಿದ್ದರು.

“ದಾದಾಪೀರಾ, ಇದನ್ನ ರೀಸೆಟ್ ಮಾಡಿ ಕೊಡಪ್ಪಾ.”

“ಯಾಕವ್ವಾರ, ಹ್ಯಾಂಗ್ ಆಗೇತೇನು? ಅದಕ್ಕೆಲ್ಲ ರೀಸೆಟ್ ಬ್ಯಾಡ್ರಿ. ಬಂದ್ ಮಾಡಿ ಚಾಲೂ ಮಾಡಿದ್ರ ಸರಿ ಹೋಗ್ತೈತಿ.”

“ಫೋನಿಗೆ ಏನೂ ಆಗಿಲ್ಲ. ನನಗ ಆಗಬೇಕಾಗೇತಿ.”

ದಾದಾಪೀರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. “ಯಾರರೆ ಏನರೆ ಅಂದ್ರೇನ್ರಿ?”

“ಯಾರೂ ಅಂದಿಲ್ಲ. ನನ್ನ ಸೊಸಿ ನನ್ನ ಸಲುವಾಗಿ ಇಲ್ಲಿ ಕುಂತಾಳ. ನಾ ಯಾರಂತನ ಆಕಿಗೆ ಗೊತ್ತಿರಲಿಲ್ಲಂದ್ರ ಎದ್ದು ಹೋಗ್ತಾಳ. ಆಮ್ಯಾಲ ನಾ ಇಲ್ಲೇ ಎಲ್ಲ್ಯರೆ ಒಂದು ಖೋಲಿ ಹಿಡೀತೀನಿ.”

“ಅದಕ್ಕ ಬಂದ್ ಸಾಕಲ್ರಿ. ಬಂದ್ ಆದ್ರ ಎಲ್ಲಾ ಒಳಗ ಹಂಗ ಇರ್ತೈತಿ. ನಾಳೆ ಮನಸ್ಸು ತಿರುಗಿದ್ರ ಒಂದು ಗುಂಡಿ ಒತ್ತೋದು. ರೀಸೆಟ್ ಅಂದ್ರ ತೊಳದು ಹಾಕೋದ್ರಿ ಅವ್ವಾರ. ಹೊಳ್ಳಿ ಬರಂಗಿಲ್ಲ.”

“ಅದು ಗೊತ್ತಿದ್ದ ಬಂದೀನಿ. ನಾ ಬಂದ್ ಮಾಡಿದ್ರ ಆಕಿ ನಾ ಯಾವಾಗ ಚಾಲೂ ಆಗ್ತೀನಂತ ಕಾಕೊಂತ ಕುಂಡ್ರತಾಳ. ಕಾಯೋದಂದ್ರ ಏನಂತ ನನ್ನ ಕೇಳು. ಮನ್ಯಾಗ ಒಬ್ಬಾಕಿ ಬಂದ್ ಅದಾಳ. ದಿನಾ ಮಾತಾಡಸ್ತೀನಿ. ಇವತ್ತರೆ ಹೂಂ ಅಂತಾಳೇನೋ ಅಂತ.”

ನಾನು ಅವರ ಪಕ್ಕದಲ್ಲೇ ನಿಂತಿದ್ದೆ.

ಚನ್ನವೀರ ಇಯರ್‌ಫೋನ್ ಬಿಟ್ಟು ಹತ್ತಿರ ಬಂದ. “ಅವ್ವಾರ, ನಾ ಮಾಡಿಸಿಕೊಂಡಾಂವ, ನನ್ನ ಮಾತು ಕೇಳ್ರಿ. ಊರು ನಿಮ್ಮನ್ನ ಮರೀತೈತಿ. ನೀವೇನು ಮರಿಯಂಗಿಲ್ಲ. ಆಕಿ ಎದುರಿಗೆ ಬಂದು, ‘ಅಜ್ಜಿ, ದಾರಿ ಬಿಡ್ರಿ’ ಅಂತಾಳ. ಆವಾಗ ಏನ್ ಮಾಡ್ತೀರಿ?”

“ದಾರಿ ಬಿಡ್ತೀನಿ,” ಅಂದರು ಅತ್ತೆ.

ಚನ್ನವೀರ ಸ್ಟೂಲಿನ ಮೇಲೆ ಕೂತ.

“ಬ್ಯಾಡ್ರಿ ಅತ್ತಿ,” ಅಂದೆ. ಜೋರಾಗಿ ಅಂದೆ. ಅವರ ತೋಳು ಹಿಡಿದೆ. ನೊಣ ಕೂತಂತೆ ಅವರು ತೋಳು ಕೊಡವಿಕೊಂಡರು.

ದಾದಾಪೀರ ಫೋನು ನೋಡಿ, ಚಾರ್ಜು ಸಾಲದು, ಅರ್ಧಕ್ಕಾದರೂ ಬರಬೇಕು ಅಂದ. ಗೋಡೆಗೆ ಒಂದು ಉದ್ದನೆಯ ಬೋರ್ಡಿತ್ತು, ಅದರಿಂದ ಕೇಬಲ್‌ಗಳು ಇಳಿಬಿದ್ದಿದ್ದವು. ಒಂದನ್ನು ಅತ್ತೆಯ ಫೋನಿಗೆ ಚುಚ್ಚಿದ. ನಾನು ಕಿತ್ತೆ. ಅವನು ಮತ್ತೆ ಚುಚ್ಚಿದ. ನಾನು ಮತ್ತೆ ಕಿತ್ತೆ. ಅವನು ಬೋರ್ಡಿನ ಸ್ವಿಚ್ಚನ್ನು ನಾಕು ಸಲ ತಟ್ಟಿದ.

“ಚಲೋ ಅಂಗಡಿ ಇಟ್ಟೀಯಪ್ಪಾ,” ಅಂದರು ಅತ್ತೆ. “ಒಂದು ವೈರು ನೆಟ್ಟಗಿಲ್ಲ. ನನ್ನ ಮಗಾ ಇದ್ದಿದ್ರ ನಿನ್ನ ಬೋರ್ಡು ಕಿತ್ತು ಕೈಯಾಗ ಕೊಡ್ತಿದ್ದ.”

ನಾನು ಕೇಬಲ್ಲಿನ ತುದಿ ಹಿಡಿದು ನಿಂತಿದ್ದೆ. ಇದನ್ನು ಸಂಜೆಯವರೆಗೆ ಕೀಳುತ್ತ ನಿಲ್ಲಬಹುದಿತ್ತು. ನಾಳೆ ಅತ್ತೆ ಫೋನು ತುಂಬ ಚಾರ್ಜು ಮಾಡಿಕೊಂಡು ಬರುತ್ತಾರೆ. ಅವರ ಹಟ ನನಗೆ ಗೊತ್ತು. ಬಂದ್ ಇದ್ದವಳು ಅಡ್ಡ ಬರಬಹುದು, ಬ್ಯಾಡ ಅನ್ನಲು ಬರುವುದಿಲ್ಲ.

ಕೇಬಲ್ಲನ್ನು ಅತ್ತೆಯ ಫೋನಿಗೇ ಬಿಟ್ಟೆ. ಪಕ್ಕದ ಇನ್ನೊಂದನ್ನು ಎಳೆದು ನನ್ನ ಫೋನಿಗೆ ಚುಚ್ಚಿದೆ. ಏನೂ ಆಗಲಿಲ್ಲ. ಅಷ್ಟು ತಿಂಗಳು ಸತ್ತು ಬಿದ್ದ ಫೋನು. ಕೌಂಟರಿನ ಗಾಜಿನ ಮೇಲೆ ಕಪ್ಪಗೆ ಮಲಗಿತ್ತು, ಅದರಲ್ಲಿ ನನ್ನ ಮುಖ ಕಾಣುತ್ತಿತ್ತು. ಕೂದಲು ಬಾಚಿಕೊಂಡು ಎಷ್ಟು ದಿನವಾಗಿತ್ತೋ.

ಅತ್ತೆಯ ಫೋನು ಅರ್ಧಕ್ಕೆ ಬಂದಾಗಲೂ ನನ್ನದು ಕಪ್ಪಗೇ ಇತ್ತು. ದಾದಾಪೀರ ಬಾಗಿಲಿಗೆ ಹೋಗಿ ಬಿಸಿಲಿಗೆ ಕೂಗಿದ: “ಮೈಕಿನ ಮಹಾಂತೇಶನ ತಾಯಿ ಗಂಗವ್ವ ರೀಸೆಟ್ ಮಾಡಿಸಿಕೊಳ್ಳಾಕತ್ತಾರ್ರಿ! ಗೊತ್ತಿದ್ದವರು ಬ್ಯಾಡ ಅನ್ನೋರಿದ್ರ ಅನ್ರಿ!” ಎದುರಿನ ಅಂಗಡಿಯ ಶಟರ್ ಇಳಿದಿತ್ತು. ಒಂದು ಆಟೋ ಹಾದುಹೋಯಿತು, ಹಾಡು ಹಾಕಿಕೊಂಡು.

ಅವನು ಒಳಗೆ ಬಂದು ನೀರು ಕುಡಿದ. ಬೇಕೆಂದೇ ತಡ ಮಾಡುತ್ತಿದ್ದ. ಎರಡನೆಯ ಸಲ ಕೂಗುವಾಗ ದನಿ ಇನ್ನಷ್ಟು ಎತ್ತರಿಸಿದ. ಆಗ ನನ್ನ ಪರದೆಯ ಮೇಲೆ ಬ್ಯಾಟರಿಯ ಚಿತ್ರ ಮೂಡಿತು, ಖಾಲಿ, ಕೆಳಗೊಂದು ಕೆಂಪು ಗೆರೆ. ಗುಂಡಿ ಒತ್ತಿ ಹಿಡಿದೆ. ಒಮ್ಮೆ ನಡುಗಿ ಮತ್ತೆ ಕಪ್ಪಾಯಿತು. ಇನ್ನೂ ಸಾಲದು.

ಮೂರನೆಯ ಕೂಗೂ ಆಯಿತು. ಪಕ್ಕದ ಅಂಗಡಿಯಿಂದ ಚಹಾ ಬಂತು. ದಾದಾಪೀರ ಕುದಿಯುವುದನ್ನೇ ತರಿಸಿದ್ದ, ಹಬೆ ಏಳುತ್ತಿತ್ತು. “ಸಾವಕಾಶ ಕುಡೀರಿ ಅವ್ವಾರ. ಬಾಯಿ ಸುಟ್ಟೀತು.” ಅತ್ತೆ ಅವನ ಮುಖ ನೋಡಿ, ಚಹಾವನ್ನು ಕಪ್ಪಿನ ಕೆಳಗಿನ ಬಸಿಗೆ ಸುರಿದುಕೊಂಡರು. ಊದಲಿಲ್ಲ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಮತ್ತೆ ಸುರಿದುಕೊಂಡರು.

ನಾನು ಗುಂಡಿ ಒತ್ತಿದೆ. ಕಂಪನಿಯ ಹೆಸರು ಬಂತು. ನಿಂತಿತು. ಬಣ್ಣದ ಚುಕ್ಕೆಗಳು ಸುತ್ತತೊಡಗಿದವು. ಹಿಂದೆಂದೂ ಅವನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಅತ್ತೆ ಮೂರನೆಯ ಬಸಿ ಕುಡಿದರು. ಕಪ್ಪನ್ನು ಓರೆಮಾಡಿ ಕೊನೆಯದನ್ನು ಸುರಿದುಕೊಂಡರು. ಚುಕ್ಕೆಗಳು ಹೋಗಿ ಗಡಿಯಾರ ಬಂತು. ಅತ್ತೆ ಬಸಿಯನ್ನು ಬಾಯಿಗೆ ಎತ್ತಿದರು. ಮೇಲಿನ ಮೂಲೆಯಲ್ಲಿ ಟವರಿನ ಕಡ್ಡಿ ಒಂದೂ ಇರಲಿಲ್ಲ. ಟವರ್ ಹಿಡಿಯದೆ ಚಾಲೂ ಆದಂತಲ್ಲ. ಫೋನು ಕೇಬಲ್ಲಿಗೆ ಕಟ್ಟಿಕೊಂಡಿದ್ದರಿಂದ ಬಾಗಿಲ ತನಕ ಒಯ್ಯಲೂ ಆಗದು. ಕೈ ಎತ್ತಬಹುದಾದಷ್ಟು ಎತ್ತಿ ಹಿಡಿದೆ.

ಅತ್ತೆ ಖಾಲಿ ಬಸಿ ಇಳಿಸಿ, ಅದರ ಮೇಲೆ ಕಪ್ಪಿಡಲು ಕೈ ಚಾಚಿದರು. ಒಂದು ಕಡ್ಡಿ ಮೂಡಿತು.

“ಬ್ಯಾಡ.”

ಚನ್ನವೀರ ಸ್ಟೂಲಿನಿಂದ ಎದ್ದುಬಿಟ್ಟ. ದಾದಾಪೀರ “ಯಾ ಅಲ್ಲಾ” ಅಂದು ಹಿಂದಕ್ಕೆ ಸರಿದ. ಅತ್ತೆಯ ಕಪ್ಪು ಗಾಳಿಯಲ್ಲೇ ನಿಂತಿತು.

“ಬ್ಯಾಡ್ರಿ ಅತ್ತಿ. ನಾ ಬ್ಯಾಡ ಅಂತೀನಿ.”

ಅವರು ನನ್ನನ್ನು ನೋಡಿದರು. ಎಷ್ಟೋ ಕಾಲವಾದ ಮೇಲೆ ಒಬ್ಬರ ಕಣ್ಣು ನನ್ನ ಮೇಲೆ ಬಂದು ನಿಂತಿತು, ಮತ್ತು ಅಲ್ಲಿಂದ ಕದಲಲಿಲ್ಲ.

“ನೀ ಯಾವಾಗ ಬಂದಿ?”

“ನಿಮ್ಮ ಹಿಂದನ ಬಂದೆ.”

ನನ್ನ ಫೋನು ನಡುಗಲು ಶುರುಮಾಡಿತು. ತಡೆದು ನಿಂತಿದ್ದ ಸಂದೇಶಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಕೈಯಿಂದ ಗಾಜಿನ ಮೇಲಿಟ್ಟರೆ ಅದು ಅಲ್ಲಿಯೂ ಗುಂಯ್‌ಗುಟ್ಟುತ್ತ ಅಂಚಿಗೆ ಸರಿಯಿತು. ಆದರೆ ಬಂದದ್ದು ಅವು ಮಾತ್ರವಲ್ಲ. ಆ ಮಧ್ಯಾಹ್ನ ಬಂತು. ಒದ್ದೆ ಮಣ್ಣಿನ ವಾಸನೆ, ಅಂಗಳದ ತುಂಬ ಕಳಚಿಟ್ಟ ಚಪ್ಪಲಿ, ಮಹಾಂತೇಶನ ಬೆರಳಿನ ಮೇಲಿನ ಕಪ್ಪು ಕಲೆ. ಅವತ್ತು ಅತ್ತೆ ಅಂಗಳದ ಆ ಕಡೆಯಿಂದ ಎರಡೂ ಕೈ ಚಾಚಿಕೊಂಡು ನನ್ನ ಕಡೆ ಬರುತ್ತಿದ್ದರು. ಅದನ್ನು ನೋಡಿಯೇ ನಾನು ಗುಂಡಿ ಒತ್ತಿದ್ದು. ಅವರು ಬಂದು ಮುಟ್ಟಿದರೆ ಅವನು ಸತ್ತದ್ದು ನಿಜವಾಗುತ್ತಿತ್ತು.

ಅವರು ಕಪ್ಪನ್ನು ದಾದಾಪೀರನ ಕೈಗೆ ಕೊಟ್ಟು, ಅವತ್ತು ಉಳಿದಿದ್ದ ದಾರಿಯನ್ನು ಈಗ ನಡೆದು ಬಂದರು.

ನನಗೆ ಅಳು ಬಂತು. ಅವ್ವಾ ಎಂದು ಕೂಗುತ್ತ, ಅತ್ತಿ ಎಂದು ಕೂಗುತ್ತ, ಕೊನೆಗೆ ಮಹಾಂತೇಶನ ಹೆಸರು ಹಿಡಿದು ಕೂಗುತ್ತ ಅಳುತ್ತಲೇ ಇದ್ದೆ. ಅತ್ತೆ ನನ್ನ ತಲೆಯನ್ನು ತಮ್ಮ ಕುತ್ತಿಗೆಗೆ ಒತ್ತಿ ಹಿಡಿದು ಹಿಂದೆ ಮುಂದೆ ತೂಗುತ್ತಿದ್ದರು. ಸದ್ದಿಗೆ ಪೇಟೆಯ ಮಾಳಿಗೆಯ ಕಿಟಕಿಗಳು ತೆರೆದವು. ಯಾರೋ ಇಬ್ಬರು ಹೆಂಗಸರು ಮೆಟ್ಟಿಲು ಹತ್ತಿ ಬಂದು, ಇವತ್ತೇ ಸುದ್ದಿ ತಿಳಿದವರಂತೆ, “ಹ್ಯಾಂಗಾತವ್ವಾ ಇದು, ದಾನೇಶ್ವರಿ,” ಎಂದು ನನ್ನ ಬೆನ್ನ ಮೇಲೆ ಕೈಯಿಟ್ಟರು. ಆ ಕೈಗಳನ್ನು ನಾನು ತಡೆದುಕೊಂಡೆ. ತಡೆದುಕೊಳ್ಳಬಹುದಾಗಿತ್ತು.

ದಾದಾಪೀರ ಅತ್ತೆಯ ಫೋನಿಗೆ ಕೆಂಪು ದಾರ ಸುತ್ತಿ ಗಂಟು ಹಾಕಿದ, ಸಡಿಲಾದೀತೆಂದು ಇನ್ನೊಂದು ಗಂಟು.

ಅಳು ಇಳಿದ ಮೇಲೆ ನಾನೇ ಹೇಳಿದೆ. “ಅವ್ವ ಅಂದದ್ದು ಸುಳ್ಳು ಅತ್ತಿ. ನಾ ನಿಮ್ಮ ಸಲುವಾಗಿ ಕುಂತಿರಲಿಲ್ಲ. ಏಳಾಕ ಆಗದ ಕುಂತಿದ್ದೆ.”

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. “ಹಂಗಾರ ನಾ ಬಾಯಿ ಸುಟ್ಟುಕೊಂಡದ್ದು ದಂಡ.”

ಚನ್ನವೀರ ನಕ್ಕುಬಿಟ್ಟ. ಆಮೇಲೆ ದಾದಾಪೀರ. ಅತ್ತೆ ಸಿಟ್ಟಿನಿಂದ ಅವರಿಬ್ಬರನ್ನೂ ನೋಡಲು ಹೋಗಿ ತಾವೂ ನಕ್ಕರು.

“ಮತ್ತ ಯುನಿವರ್ಸಿಟಿ?” ಅಂದರು, ಬೀದಿಗಿಳಿದ ಮೇಲೆ. ನನ್ನ ಮಣಿಕಟ್ಟನ್ನು ಬಿಟ್ಟಿರಲಿಲ್ಲ.

“ಸರಿಗೆ ಫೋನ್ ಮಾಡ್ತೀನಿ. ಹೋಗೋದಾದ್ರ ನಿಮಗ ಹೇಳಿ ಹೋಗ್ತೀನಿ, ರಜಾಕ್ಕ ಬರ್ತೀನಿ. ಬಂದಾಗ ನಿಮ್ಮನ್ನ ‘ಯಾವೂರಜ್ಜಿ’ ಅಂತ ನಾ ಕೇಳೋ ಹಂಗ ಮಾಡಿಟ್ಟಿರಬಾರದು.”

“ನೀನೂ ಬಂದ್ ಮಾಡಬಾರದು.”

“ರಾತ್ರಿ ಮಲಗೋ ಮುಂದ?”

“ರಾತ್ರಿ ಸೈಲೆಂಟ್ ಇಡು. ಸೈಲೆಂಟ್ ನಡೀತೈತಿ.”

ಹತ್ತು ಹೆಜ್ಜೆಗೊಬ್ಬರು ತಡೆದು ನಿಲ್ಲಿಸುತ್ತಿದ್ದರು. ಎಲ್ಲರ ಬಳಿಯೂ ನನಗೆ ಹೇಳದೆ ಉಳಿದ ಒಂದೊಂದು ಮಾತಿತ್ತು. ಕೆಲವರದು ಬರೀ ಶಾಸ್ತ್ರ, ಕೆಲವರದು ನಿಜ. ಹೂವಿನ ಅಂಗಡಿಯವನು, ಮಹಾಂತೇಶ ತನ್ನ ಮಗಳ ಮದುವೆಯಲ್ಲಿ ಮೈಕಿನ ಬಾಡಿಗೆ ಬೇಡವೆಂದು, ಬದಲಿಗೆ ಹೋಳಿಗೆ ಕಟ್ಟಿಸಿಕೊಂಡು ಹೋದ ಸಂಗತಿ ಹೇಳಿದ. ನನಗದು ಗೊತ್ತಿರಲಿಲ್ಲ. ಆ ಹೋಳಿಗೆ ನಾನು ತಿಂದಿದ್ದೆನೇ? ಅತ್ತೆಯನ್ನು ಕೇಳಿದೆ. ‘ಅರ್ಧ ನಾ ತಿಂದೆ’ ಅಂದರು.

ಆಗ ನನಗೆ ಹಸಿವಾಯಿತು. ಎಷ್ಟೆಂದರೆ ಬೀದಿಯ ನಡುವೆ ನಿಂತುಬಿಟ್ಟೆ.

“ಮನೀಗೆ ಹೋಗಿ ಬಿಸಿ ಮಾಡ್ತೀನಿ,” ಅಂದರು ಅತ್ತೆ.

“ಅಲ್ಲಿತನಕ ತಡಿಯಾಕಾಗಂಗಿಲ್ರಿ.”

ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ಒಂದು ಖಾನಾವಳಿ ಇದೆ. ಊಟದ ಹೊತ್ತು ಮೀರಿತ್ತು, ಆದರೂ ನಡೆಸುವ ಹೆಂಗಸು ಹಂಚಿನ ಮುಂದೆ ಇನ್ನೂ ಕೂತಿದ್ದಳು. ಆಕೆ ತಾಟು ತಂದಿಟ್ಟಳು: ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಒಡೆದ ಉಳ್ಳಾಗಡ್ಡಿ. ಅತ್ತೆ ಸುಟ್ಟ ನಾಲಿಗೆಗೆ ಮಜ್ಜಿಗೆ ಮಾತ್ರ ಸಾಕೆಂದು, ಎಣ್ಣೆಗಾಯಿಗೆ ಗುರೆಳ್ಳು ಕಡಿಮೆಯಾಯಿತೆಂದು, ತಿನ್ನದೆಯೇ ತಕರಾರು ತೆಗೆದರು. ನಾನು ತಿಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು; ಒರೆಸಿಕೊಳ್ಳದೆ ತಿಂದೆ.

ತಾಟು ಖಾಲಿಯಾದಾಗ ಆಕೆ ನಮಗೆ ಬೆನ್ನು ಮಾಡಿ ಹಂಚಿನ ಮೇಲೆ ರೊಟ್ಟಿ ತಿರುವುತ್ತಿದ್ದಳು. ಒಲೆಯ ಸದ್ದಿತ್ತು, ಹೊರಗೆ ಬಸ್ಸೊಂದು ಹಾರ್ನ್ ಹೊಡೆಯುತ್ತಿತ್ತು.

“ಅಕ್ಕಾ, ಇನ್ನೊಂದು ರೊಟ್ಟಿ,” ಅಂದೆ, ನನ್ನ ಮಾಮೂಲಿ ದನಿಯಲ್ಲಿ.

ಆಕೆ ತಿರುಗಿ ನೋಡಿದಳು. “ತರ್ತೀನಿ, ತಡಿ.”